ಹನ್ನೊಂದು ಹಲಗೆ

ಬೂಜ್ಮಾ ಅಜ್ಜ ಒಳಗೆ ಹೋಗುತ್ತಲೇ ಇಲ್ಲ.

ಹಸ್ನಾ ಓಣಿಯ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ತಲೆಯ ಮೇಲೆ ಮರದ ಹಲಗೆ. ಹಲಗೆಯ ಮೇಲೆ ನೀಲಿ ಬಟ್ಟೆ. ಬಟ್ಟೆಯ ಕೆಳಗೆ ಇನ್ನೂ ಬೇಯದ ಎರಡು ರೊಟ್ಟಿ. ಕುತ್ತಿಗೆ ನೋಯುತ್ತಿತ್ತು. ಸ್ಕೂಲ್ ಬೆಲ್ ಹೊಡೆಯಲು ಇನ್ನು ಹತ್ತೇ ನಿಮಿಷ. ಈ ಅಜ್ಜನೋ, ಒಲೆಮನೆಯ ಬಾಗಿಲಲ್ಲಿ ನಿಂತು ಬೆಕ್ಕಿನ ಜೊತೆ ಜಗಳಕ್ಕಿಳಿದಿದ್ದಾನೆ!

"ಮೀನು ಬೇಕಾದ್ರೆ ಬಂದರಿಗೆ ಹೋಗು. ಇಲ್ಲೇನಿದೆ? ನನ್ನ ಗಡ್ಡ ತಿಂತೀಯಾ?"

ಬೆಕ್ಕು ಕದಲಲಿಲ್ಲ. ಅಜ್ಜನೇ ಸೋತು ಒಳಗೆ ಹೋದ.

ಹಸ್ನಾ ಓಡಿದಳು. ಒಲೆಮನೆಯ ಹೊರಗಿನ ಕಟ್ಟೆಯ ಮೇಲೆ, ರೊಟ್ಟಿ ಬೇಯಿಸಿಕೊಳ್ಳಲು ತಂದಿಟ್ಟ ಮನೆಮನೆಯ ಹಲಗೆಗಳು ಸಾಲಾಗಿದ್ದವು. ಸಾಲಿನ ಕೊನೆಗೆ ನೀಲಿ ಬಟ್ಟೆಯ ಹಲಗೆ ಇಟ್ಟಳು. ಮತ್ತೆ ಮೂಲೆಗೆ ಓಡಿ, ಅಲ್ಲಿ ಬಚ್ಚಿಟ್ಟಿದ್ದ ಹಳದಿ ಬಟ್ಟೆಯ ಹಲಗೆ ತಂದು ಸಾಲಿನ ನಡುವೆ ತೂರಿಸಿದಳು. ಕೊನೆಗೆ ತನ್ನ ಮನೆಯ ಹಲಗೆಯನ್ನು ಹೊತ್ತುಕೊಂಡು, ಏನೂ ಅರಿಯದವಳ ಹಾಗೆ ಬಾಗಿಲಿಗೆ ಬಂದಳು.

"ಅಜ್ಜಾ, ನಮ್ಮ ಹಲಗೆ ತಂದೆ!"

"ಇಟ್ಟು ಓಡೇ ಸೋಂಪು. ಲೇಟಾದ್ರೆ ಟೀಚರ್ ನಿನ್ನ ಕಿವಿ ಹಿಂಡ್ತಾರೆ, ಆಮೇಲೆ ನನ್ನ ಹತ್ರ ಬಂದು ಅಳ್ಬೇಡ."

ಅಜ್ಜನಿಗೆ ಮಕ್ಕಳ ಹೆಸರು ಬೇಕಿರಲಿಲ್ಲ. ರೊಟ್ಟಿ ಗೊತ್ತಿದ್ದರೆ ಸಾಕು. ಹಸ್ನಾಳ ಅಜ್ಜಿ ಹಿಟ್ಟಿಗೆ ಸೋಂಪು ಹಾಕುತ್ತಿದ್ದಳು, ಹಾಗಾಗಿ ಹಸ್ನಾ 'ಸೋಂಪು'. ಕಟುಕನ ಮನೆಯ ರೊಟ್ಟಿಯಲ್ಲಿ ಹೊಟ್ಟು ಜಾಸ್ತಿ, ಅವನ ಮಗ 'ಹೊಟ್ಟು'. ಪಕ್ಕದ ಮನೆಯ ಇಲ್ಹಾಮಳ ಅಮ್ಮ ರೊಟ್ಟಿಯ ಮೇಲೆ ಫೋರ್ಕಿನಿಂದ ನಾಲ್ಕು ಸಲ ಚುಚ್ಚುತ್ತಿದ್ದಳು, ಇಲ್ಹಾಮ್ 'ಫೋರ್ಕ್'. ಒಂದೊಂದು ಮನೆಗೂ ಒಂದೊಂದು ಗುರುತು. ನೂರು ರೊಟ್ಟಿ ಒಟ್ಟಿಗೆ ಒಲೆಯೊಳಗೆ ಹೋದರೂ ಅಜ್ಜ ಒಂದನ್ನೂ ಅದಲುಬದಲು ಮಾಡುತ್ತಿರಲಿಲ್ಲ.

ನೂರು ರೊಟ್ಟಿ ಹೋಗುತ್ತಿದ್ದ ಕಾಲ ಅದು. ಈಗ ಹಸ್ನಾ ಕಣ್ಣಲ್ಲೇ ಹಲಗೆಗಳನ್ನು ಎಣಿಸಿದಳು. ಹನ್ನೊಂದು. ಅಬ್ಬ, ಸದ್ಯ ಎಂದುಕೊಂಡು ಸ್ಕೂಲಿಗೆ ಓಡಿದಳು.

ಕಸಬ್ಲಾಂಕಾದ ಹಳೇ ಪೇಟೆಯಲ್ಲಿ ಅವಳದು ಸಬೂನ್ ಓಣಿ. ಓಣಿಯ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಒರಗಿಕೊಂಡದ್ದಕ್ಕೇ ನಿಂತಿದ್ದವು ಎಂದರೂ ಸರಿ. ಕಳೆದ ವರ್ಷ ಇಂಜಿನಿಯರ್ ಬಂದು ಗೋಡೆಗಳ ಬಿರುಕಿನ ಮೇಲೆ ಅಡ್ಡಡ್ಡ ಪ್ಲಾಸ್ಟರ್ ಪಟ್ಟಿ ಬಳಿದು, ಅದರ ಮೇಲೆ ತಾರೀಖು ಬರೆದು ಹೋದ.

"ಈ ಪಟ್ಟಿ ಒಡೆದ್ರೆ ಗೋಡೆ ಸರೀತಿದೆ ಅಂತ ಅರ್ಥ. ಆವಾಗ ಮನೇಲಿ ಇರಬೇಡಿ" ಎಂದಿದ್ದ.

ಚಳಿಗಾಲ ಬರುವುದರೊಳಗೆ ಹಸ್ನಾಳ ಮನೆಯ ಪಟ್ಟಿ ನಡುವೆ ಸೀಳಿತು.

ಪಟ್ಟಿ ಒಡೆದವರಿಗೆಲ್ಲ ಊರಾಚೆ ಹೊಸ ಬಡಾವಣೆಯಲ್ಲಿ ಫ್ಲ್ಯಾಟ್ ಕೊಡುತ್ತಿದ್ದರು. ಬಸ್ಸಿನ ಕೊನೆಯ ಸ್ಟಾಪ್, ಅಲ್ಲಿಂದ ಇನ್ನೂ ಅರ್ಧ ಗಂಟೆ ನಡೆಯಬೇಕು. ಒಂದೊಂದೇ ಮನೆ ಗಂಟುಮೂಟೆ ಕಟ್ಟಿತು. ಇಲ್ಹಾಮಳ ಮನೆಯವರು ಹೋದರು. ರೊಟ್ಟಿಯ ನಡುವೆ ಹೆಬ್ಬೆಟ್ಟಿನ ಗುಳಿ ಒತ್ತುತ್ತಿದ್ದ ಮುದುಕಿ ರುಕಿಯಾ ಹೋದಳು. ಖಾಲಿಯಾದ ಮನೆಗೆ ಬೇರೆಯವರು ನುಗ್ಗದ ಹಾಗೆ ಬಾಗಿಲಿಗೆ ಸಿಮೆಂಟ್ ಇಟ್ಟಿಗೆ ಕಟ್ಟಿ ಮುಚ್ಚಿಬಿಡುತ್ತಿದ್ದರು.

ಹೋಗದೆ ಕೂತವಳು ಹಸ್ನಾಳ ಅಜ್ಜಿ, ಲಲ್ಲಾ ತಾಮು. ಬಾಡಿಗೆ ಪತ್ರ ಇದ್ದದ್ದು ಅವಳ ಹೆಸರಲ್ಲಿ. ಅವಳು ಹೆಬ್ಬೆಟ್ಟು ಒತ್ತದೆ ಫ್ಲ್ಯಾಟ್ ಸಿಗುವಂತಿರಲಿಲ್ಲ. ಮೊಣಕಾಲು ನೋವಿನಿಂದ ಅವಳು ಎರಡು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಆದರೆ ನಾಲಿಗೆ ಮಾತ್ರ ಚುರುಕಾಗಿಯೇ ಇತ್ತು.

"ನಾನು ಮದುವೆಯಾಗಿ ಬಂದ ದಿನ ಆ ಒಲೆ ಉರೀತಿತ್ತು. ಅದು ಆರಿದ ದಿನ ಏಳ್ತೀನಿ. ಅದಕ್ಕೆ ಮುಂಚೆ ಸುಲ್ತಾನ ಬಂದು ಕರೆದ್ರೂ ಏಳಲ್ಲ!"

ಹಸ್ನಾಳ ಅಮ್ಮ ಸಾದಿಯಾ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪ ಮೀನಿನ ಹಡಗಿನಲ್ಲಿ, ತಿಂಗಳಾನುಗಟ್ಟಲೆ ಸಮುದ್ರದಲ್ಲಿ. ಅಮ್ಮ ಬೆಳಗಾಗುವ ಮುಂಚೆ ಬಟ್ಟೆ ಫ್ಯಾಕ್ಟರಿಗೆ ಹೋದರೆ ಬರುವುದು ಸಂಜೆಗೆ. ಅಜ್ಜಿಯನ್ನು ಆ ಬಿರುಕಿನ ಕೆಳಗೆ ಬಿಟ್ಟು ದಿನವೂ ಹೊಲಿಗೆ ಮಿಷನ್ ಮುಂದೆ ಹೇಗೆ ಕೂರುತ್ತಿದ್ದಳೋ.

ಹಸ್ನಾಳಿಗೂ ಹೋಗಲು ಇಷ್ಟವಿರಲಿಲ್ಲ. ಮೊದಲು ಇತ್ತು. ಇಲ್ಹಾಮ್ ಒಮ್ಮೆ ನೋಡಲು ಬಂದಿದ್ದಳಲ್ಲ, ಅವತ್ತಿನಿಂದ ಹೋಯಿತು.

"ಲಿಫ್ಟ್ ಇದೆ ಕಣೇ. ಕೆಟ್ಟಿದೆ, ಆದ್ರೆ ಇದೆ" ಎಂದಿದ್ದಳು ಇಲ್ಹಾಮ್.

"ರೊಟ್ಟಿ?"

"ಅಂಗಡೀದು. ಪ್ಲಾಸ್ಟಿಕ್ ಕವರಲ್ಲಿ ಬರುತ್ತೆ. ಎಲ್ಲರ ಮನೇದೂ ಒಂದೇ ಥರ."

"ಸ್ಕೂಲಲ್ಲಿ ಫ್ರೆಂಡ್ಸ್ ಆದ್ರಾ?"

ಇಲ್ಹಾಮ್ ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿದಳು. "ನಮ್ಮನ್ನ 'ಕುಸಿದ ಮನೆಯವ್ರು' ಅಂತಾರೆ. ಟೀಚರ್ ಕೂಡ ಹೆಸರು ಕರೆಯಲ್ಲ. 'ಹಳೇ ಪೇಟೆಯವಳೇ, ಎದ್ದು ಓದು' ಅಂತಾರೆ. ಎಲ್ರೂ ನಗ್ತಾರೆ."

"ನೀನೇನಂದೆ?"

"ನಾನು ಹಳೇ ಪೇಟೆಯವಳೇ ಅಲ್ಲ ಅಂದ್ಬಿಟ್ಟೆ."

ಹಸ್ನಾಳಿಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಇಲ್ಹಾಮ್ ಇದೇ ಓಣಿಯಲ್ಲಿ ಹುಟ್ಟಿದವಳು. ಅವಳ ಬಾಯಲ್ಲೇ ಇಂಥ ಮಾತು ಬಂತೆಂದರೆ ನಾಳೆ ತನ್ನ ಬಾಯಲ್ಲೂ ಬರಬಹುದು.

ಅದಾದ ವಾರಕ್ಕೆ ಬೂಜ್ಮಾ ಅಜ್ಜ ಕಟ್ಟೆಯ ಮುಂದೆ ನಿಂತು ತಲೆ ಕೆರೆದುಕೊಂಡ. "ಒಂಬತ್ತು. ಹತ್ತು ಹಲಗೇನಾದ್ರೂ ಬರದಿದ್ರೆ ಒಲೆ ಹಚ್ಚಿ ಏನು ಪ್ರಯೋಜನ ಸೋಂಪು? ನನ್ನ ಬೆನ್ನು ಕಾಯಿಸ್ಕೊಳ್ಳೋಕಾ?"

ಮರುದಿನವೇ ಹಸ್ನಾ ಶುರು ಮಾಡಿದಳು. ಇಲ್ಹಾಮಳ ಮನೆಯವರು ಬಿಟ್ಟುಹೋದ ಹಲಗೆ ಮೆಟ್ಟಿಲ ಕೆಳಗಿತ್ತು, ರುಕಿಯಾಳದೂ ಇತ್ತು. ಅಜ್ಜಿ ನಾದಿಟ್ಟ ಹಿಟ್ಟಿನಲ್ಲೇ ರೊಟ್ಟಿ ಸಣ್ಣ ಸಣ್ಣದಾಗಿ ತಟ್ಟಿದಳು. ಎರಡಕ್ಕೆ ಚಹಾ ಲೋಟದ ಅಂಚು ಒತ್ತಿದಳು, ಅದು ಅವರ ಮನೆಯ ಗುರುತು. ಎರಡಕ್ಕೆ ಫೋರ್ಕಿನ ನಾಲ್ಕು ಚುಚ್ಚು. ಎರಡಕ್ಕೆ ಹೆಬ್ಬೆಟ್ಟು. ಒಂದು ಮನೆಯ ಹಿಟ್ಟು, ಮೂರು ಮನೆಯ ರೊಟ್ಟಿ. ಒಂಬತ್ತಿದ್ದದ್ದು ಹನ್ನೊಂದಾಯಿತು.

ಮಧ್ಯಾಹ್ನ ಅಜ್ಜನ ಕಣ್ಣು ತಪ್ಪಿಸಿ ರೊಟ್ಟಿ ತರುವಾಗ ಬೇರೆ ಮನೆಯ ಗುರುತಿನ ನಾಲ್ಕನ್ನು ದಾರಿಯಲ್ಲೇ ಚೂರು ಮಾಡಿ ಬುಟ್ಟಿಗೆ ಹಾಕುತ್ತಿದ್ದಳು. ಅಜ್ಜಿಯ ಕೈಗೆ ಲೋಟದ ಗುರುತಿನ ರೊಟ್ಟಿ ಮಾತ್ರ.

"ಎಷ್ಟು ಹಲಗೆ ಇವತ್ತು?" ಅಜ್ಜಿ ದಿನವೂ ಕೇಳುತ್ತಿದ್ದಳು.

"ಹನ್ನೊಂದು ಅಜ್ಜಿ."

"ನೋಡಿದ್ಯಾ! ಹೋಗ್ತಾರಂತೆ ಎಲ್ರೂ! ಬರೀ ಪುಕಾರು."

ಆಮೇಲೆ ಕಟುಕನ ಮನೆಯವರೂ ಹೋದರು. ದರ್ಜಿಯ ಮನೆಯವರೂ, ಒಬ್ಬೊಬ್ಬರಾಗಿ ಇನ್ನೂ ಮೂರು ಮನೆಯವರೂ ಹೋದರು. ಆದರೂ ಕಟ್ಟೆಯ ಮೇಲೆ ಹನ್ನೊಂದೇ ಇರುತ್ತಿದ್ದವು. ಇದು ಹೇಗೆ ಎಂದು ಹಸ್ನಾ ತಲೆ ಕೆಡಿಸಿಕೊಳ್ಳಲಿಲ್ಲ. ಲೆಕ್ಕದಲ್ಲಿ ಅವಳು ಅಷ್ಟೇನೂ ಹುಷಾರಿರಲಿಲ್ಲ, ಅದೂ ಉತ್ತರ ತನಗೆ ಬೇಕಾದದ್ದೇ ಬಂದಾಗ.

ಒಂದು ಸೋಮವಾರ ಮಳೆ ಹಿಡಿಯಿತು. ಹಸ್ನಾ ರೊಟ್ಟಿಗೆ ಕೊಡೆ ಹಿಡಿದು, ತಾನು ನೆನೆದುಕೊಂಡು ಮನೆಗೆ ಓಡಿದಳು. ದಾರಿಯಲ್ಲಿ ನಿಂತು ಚೂರು ಮಾಡಲು ಆಗಲಿಲ್ಲ. ಬಟ್ಟೆ ಬದಲಿಸಿಕೊಂಡು ಬರುವಷ್ಟರಲ್ಲಿ ಅಜ್ಜಿ ಬುಟ್ಟಿಗೆ ಕೈ ಹಾಕಿದ್ದಳು. ಕೈಗೆ ಬಂದ ರೊಟ್ಟಿಯನ್ನು ತಡವುತ್ತಿದ್ದಳು. ಬೆರಳು ನಿಂತಿತು. ಒಂದು, ಎರಡು, ಮೂರು, ನಾಲ್ಕು.

"ಇದು ಫಾತ್ನಾಳ ರೊಟ್ಟಿ!"

ಫಾತ್ನಾ ಎಂದರೆ ಇಲ್ಹಾಮಳ ಅಮ್ಮ.

"ವಾಪಸ್ ಬಂದ್ರಾ? ಹೇಳೇ, ಬಂದ್ಬಿಟ್ರಾ ಅವ್ರು?" ಅಜ್ಜಿಯ ಮುಖ ಅಷ್ಟು ಅರಳಿದ್ದನ್ನು ಹಸ್ನಾ ತುಂಬ ದಿನದಿಂದ ನೋಡಿರಲಿಲ್ಲ.

'ಇಲ್ಲ' ಎನ್ನಬೇಕಿತ್ತು. ಒಂದೇ ಮಾತು.

"ಹೂಂ" ಎಂದಳು.

ಅಜ್ಜಿ ರೊಟ್ಟಿಗೆ ಮುತ್ತು ಕೊಟ್ಟು ಹಣೆಗೆ ಒತ್ತಿಕೊಂಡಳು. "ನಾನು ಹೇಳಿರ್ಲಿಲ್ವಾ? ಆ ಬೆಂಕಿಪೊಟ್ಟಣದಂಥ ಮನೇಲಿ ಯಾರಿರ್ತಾರೆ! ಅವಳಿಗೆ ಹೇಳು, ಸಂಜೆ ಬಂದು ಚಹಾ ಕುಡಿದು ಹೋಗ್ಲಿ. ಪುದಿನ ತರೋಕೆ ಮರೀಬೇಡ."

ಸಂಜೆ ಬಂದದ್ದು ಫಾತ್ನಾ ಅಲ್ಲ, ಮನೆ ಖಾಲಿ ಮಾಡಿಸಲು ಓಡಾಡುವ ಸರ್ಕಾರಿ ಮನುಷ್ಯ, ವಾರ್ಡಿನ ಮುಕದ್ದಮ. ಜೊತೆಗೆ ಅಮ್ಮ, ಫ್ಯಾಕ್ಟರಿಯ ಓವರ್‌ಟೈಮ್ ಬಿಟ್ಟು ಬಂದಿದ್ದಳು. ಮುಕದ್ದಮ ಒದ್ದೆ ಕಾಗದ ಬಿಡಿಸಿದ.

"ಲಲ್ಲಾ ತಾಮು, ಇದು ಕೊನೇ ಸಲ. ಈ ಮಳೆಗೆ ಓಣಿ ನಿಲ್ಲಲ್ಲ. ಒಂದು ಹೆಬ್ಬೆಟ್ಟು ಒತ್ತಿ."

"ಹೋದವರು ವಾಪಸ್ ಬರ್ತಿದ್ದಾರೆ, ಇರೋಳನ್ನ ಹೋಗು ಅಂತೀಯಾ? ನಿನಗೆ ಬುದ್ಧಿ ಇದ್ಯಾ?"

"ಯಾರು ಬಂದ್ರು?"

"ಪಕ್ಕದ ಮನೆ ಫಾತ್ನಾ. ಇವತ್ತು ಮಧ್ಯಾಹ್ನ ಅವಳ ರೊಟ್ಟಿ ತಿಂದೆ."

ಮುಕದ್ದಮ ಅಮ್ಮನ ಮುಖ ನೋಡಿದ. ಅಮ್ಮ ಮುಖ ತಿರುಗಿಸಿಕೊಂಡಳು. ಅವನು ಮೆಲ್ಲಗೆ, "ವಯಸ್ಸಾಯ್ತು, ಪಾಪ" ಎಂದು ಕಾಗದ ಮಡಚಿ ಹೊರಟುಹೋದ.

ಅಮ್ಮ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅತ್ತಳು. "ಅತ್ತೆಗೆ ತಲೆ ಕೆಡ್ತಿದೆ ಹಸ್ನಾ. ಇಲ್ದೇ ಇರೋರು ಕಾಣಿಸ್ತಿದ್ದಾರೆ. ಇನ್ನು ನಾನೇನು ಮಾಡ್ಲಿ?"

ಅಜ್ಜಿಯ ತಲೆ ಕೆಟ್ಟಿಲ್ಲ ಎಂದು ಹಸ್ನಾಳಿಗೆ ಗೊತ್ತಿತ್ತು. ಹೇಳಬೇಕೆಂದುಕೊಂಡಳು. ಹೇಳುವ ಬದಲು ಹೋಗಿ ನಲ್ಲಿ ನಿಲ್ಲಿಸಿದಳು.

ಮಳೆ ಮೂರು ದಿನ ಬಿಡಲಿಲ್ಲ. ಅಜ್ಜಿ ದಿನವೂ ಬಾಗಿಲ ಕಡೆ ಕಿವಿಯಿಟ್ಟು ಕೂರುತ್ತಿದ್ದಳು. "ಯಾಕೆ ಇನ್ನೂ ಬಂದಿಲ್ಲ ಫಾತ್ನಾ? ನನ್ನ ಮೇಲೆ ಕೋಪಾನಾ? ನೀನು ಸರಿಯಾಗಿ ಹೇಳಿದ್ಯೋ ಇಲ್ವೋ?"

"ಹೇಳ್ದೆ ಅಜ್ಜಿ. ಕೆಲಸ ಜಾಸ್ತಿಯಂತೆ." ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಆನಿಸಿ ನಿಲ್ಲಿಸುವುದು ಅವಳಿಗೆ ರೂಢಿಯಾಗುತ್ತಿತ್ತು.

ಗುರುವಾರ ಮಧ್ಯಾಹ್ನ ಹಸ್ನಾ ಒಲೆಮನೆಯಲ್ಲಿದ್ದಳು. ಬೂಜ್ಮಾ ಅಜ್ಜ ಉದ್ದ ಹಿಡಿಯ ಸಟ್ಟುಗ ಒಳಗೆ ತಳ್ಳಿ ರೊಟ್ಟಿ ತಿರುವುತ್ತಿದ್ದ. ಆಗ ದಡಾರೆಂದು ಸದ್ದಾಯಿತು. ಕಟ್ಟೆಯ ಮೇಲಿನ ಹಲಗೆಗಳು ಅದುರಿದವು.

"ಬಂದರಲ್ಲಿ ಕಂಟೇನರ್ ಬಿತ್ತೇನೋ" ಎಂದ ಅಜ್ಜ.

ಅಷ್ಟರಲ್ಲಿ ಓಣಿಯ ತಿರುವಿನಿಂದ ಕೆಂಪು ಧೂಳು ಬಂತು. ಯಾರೋ ಕಿರುಚಿದರು. ಅಜ್ಜ ಸಟ್ಟುಗ ಬಿಸುಟು ಓಡಿದ. ಎಪ್ಪತ್ತು ದಾಟಿದವನು ಅವತ್ತು ಹಸ್ನಾಳ ಸಮಕ್ಕೆ ಓಡಿದ.

ಬಿದ್ದದ್ದು ಇಲ್ಹಾಮಳ ಮನೆ. ಮುಂಭಾಗ ಪೂರ್ತಿ ಓಣಿಗೆ ಸುರಿದಿತ್ತು. ಹಿಂದಿನ ಗೋಡೆಯೊಂದು ಮಾತ್ರ ಎತ್ತರಕ್ಕೆ ನಿಂತು ಮುಂದಕ್ಕೆ ಬಾಗಿತ್ತು. ಮೇಲಿನ ಮಹಡಿಯ ಬಾಗಿಲು ಗಾಳಿಯಲ್ಲಿ ನೇತಾಡುತ್ತಿತ್ತು.

ಕಲ್ಲು ಮಣ್ಣಿನ ರಾಶಿಯ ಮೇಲೆ, ಆ ಗೋಡೆಯ ಬುಡದಲ್ಲಿ, ಅಜ್ಜಿ ಮಂಡಿಯೂರಿದ್ದಳು. ಎರಡು ವರ್ಷದಿಂದ ಹೊಸ್ತಿಲು ದಾಟದ ಅಜ್ಜಿ! ಕಾಲಲ್ಲಿ ಚಪ್ಪಲಿ ಇಲ್ಲ, ತಲೆಯ ಮೇಲೆ ಬಟ್ಟೆ ಇಲ್ಲ. ಎರಡೂ ಕೈಯಿಂದ ಇಟ್ಟಿಗೆ ಕಿತ್ತು ಎಸೆಯುತ್ತಿದ್ದಳು.

"ಫಾತ್ನಾ! ಇಲ್ಹಾಮ್! ಎಲ್ಲಿದ್ದೀರೇ? ಕೂಗ್ರೇ!"

ಕೆಳಗೆ ನಾಲ್ಕೈದು ಜನ ನಿಂತಿದ್ದರು. "ಲಲ್ಲಾ, ಇಳೀರಿ! ಆ ಗೋಡೆ ಬೀಳುತ್ತೆ! ಅಲ್ಲಿ ಯಾರೂ ಇಲ್ಲ!"

"ಇದ್ದಾರೆ! ಅವಳ ರೊಟ್ಟಿ ತಿಂದಿದ್ದೀನಿ ನಾನು! ಹಸ್ನಾ ಹೇಳಿದ್ಲು! ನಿಂತು ನೋಡ್ತೀರಲ್ಲ, ನಿಮಗೆ ಎದೆ ಇದ್ಯಾ?"

ಎಲ್ಲರೂ ಹಸ್ನಾಳ ಕಡೆ ತಿರುಗಿದರು.

ಹಸ್ನಾ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬಾತ ಅವಳ ಭುಜ ಹಿಡಿದ. ಕೊಸರಿಕೊಂಡು ರಾಶಿ ಹತ್ತಿದಳು. ಕಲ್ಲು ಜಾರಿತು, ಮೊಣಕಾಲು ತರಚಿತು. ಅಜ್ಜಿಯ ಉಗುರುಗಳಿಂದ ರಕ್ತ ಬರುತ್ತಿತ್ತು. ಹಸ್ನಾ ಆ ಕೈಗಳನ್ನು ಹಿಡಿದುಕೊಂಡಳು.

"ಅಜ್ಜಿ, ಯಾರೂ ಇಲ್ಲ. ಅವ್ರು ಬಂದೇ ಇಲ್ಲ. ಆ ರೊಟ್ಟಿ ನಾನು ಮಾಡಿದ್ದು."

"ಬಿಡು ಕೈ! ನನ್ನ ಇಳಿಸೋಕೆ ಸುಳ್ಳು ಹೇಳ್ತೀಯಾ? ಫಾತ್ನಾಳ ಗುರುತು ನನಗೆ ಗೊತ್ತಿಲ್ವಾ?"

"ಗುರುತೂ ನಾನೇ ಮಾಡಿದ್ದು. ಫೋರ್ಕಿಂದ. ಒಲೆ ಆರಬಾರದು ಅಂತ ಮಾಡ್ದೆ. ದಿನಾ ಮಾಡ್ತಿದ್ದೆ. ಅಜ್ಜಿ, ವಲ್ಲಾಹಿ, ದೇವರಾಣೆ, ನಾನೇ!"

ಅಜ್ಜಿ ಕೇಳಿಸಿಕೊಳ್ಳಲಿಲ್ಲ. ಕೈ ಬಿಡಿಸಿಕೊಂಡು ಮತ್ತೆ ಇಟ್ಟಿಗೆಗೆ ಬಾಗಿದಳು. ನಿಜ ಹೇಳಿದರೆ ಸಾಕು ಎಂದು ಹಸ್ನಾ ಅಂದುಕೊಂಡಿದ್ದಳು. ನಿಜವನ್ನು ಯಾರೂ ನಂಬದೇ ಇರಬಹುದೆಂದು ಅವಳಿಗೆ ಹೊಳೆದಿರಲಿಲ್ಲ. ಮೇಲಿನಿಂದ ಗಾರೆ ಉದುರಿತು.

ಬೂಜ್ಮಾ ಅಜ್ಜ ಏದುಸಿರು ಬಿಡುತ್ತ ಹತ್ತಿ ಬಂದ.

"ಲಲ್ಲಾ ತಾಮು, ಒಂದು ಮಾತು ಕೇಳ್ತೀನಿ. ಆ ರೊಟ್ಟೀಲಿ ಸೋಂಪಿತ್ತಲ್ವಾ?"

ಅಜ್ಜಿಯ ಕೈ ನಿಂತಿತು.

"ಫಾತ್ನಾ ಯಾವತ್ತಾದ್ರೂ ಸೋಂಪು ಹಾಕಿದ್ದಾಳಾ? ಸೋಂಪು ಕಂಡ್ರೆ ಅವಳಿಗೆ ತಲೆನೋವು. ನನಗಿಂತ ನಿಮಗೇ ಗೊತ್ತು."

"ನನ್ನ ಕೈಯ ವಾಸನೆ ಅಂದ್ಕೊಂಡೆ" ಎಂದಳು ಅಜ್ಜಿ.

ಇಬ್ಬರೂ ಸೇರಿ ಅವಳನ್ನು ಇಳಿಸಿದರು. ಆ ಗೋಡೆ ಸಂಜೆಯವರೆಗೂ ಹಾಗೇ ನಿಂತಿತ್ತು. ಆಮೇಲೆ ಅಗ್ನಿಶಾಮಕದವರು ಬಂದು ಬೀಳಿಸಿದರು.

ಎದುರುಮನೆಯ ಮೆಟ್ಟಿಲ ಮೇಲೆ ಅಜ್ಜಿಯನ್ನು ಕೂರಿಸಿದರು. ಯಾರೋ ನೀರು ತಂದರು. ಅಜ್ಜಿ ಕುಡಿಯಲಿಲ್ಲ.

"ಹಾಗಾದ್ರೆ ನಿಜವಾಗ್ಲೂ ಎಷ್ಟು?"

"ಏನೆಷ್ಟು ಅಜ್ಜಿ?"

"ಹಲಗೆ."

"ಎರಡು ಸುಳ್ಳು. ಅಂದ್ರೆ... ಒಂಬತ್ತು."

ಬೂಜ್ಮಾ ಅಜ್ಜ ಗಡ್ಡ ಉಜ್ಜಿಕೊಂಡ. ನೆಲ ನೋಡುತ್ತ ಹೇಳಿದ, "ನಾಲ್ಕು."

ಹಸ್ನಾ ತಲೆಯೆತ್ತಿದಳು.

"ಇವಳದು ಎರಡು, ನನ್ನದು ಐದು" ಎಂದ ಅಜ್ಜ. "ಹೋದವರ ಹಲಗೆ ನನ್ನ ಹತ್ರಾನೇ ಬಿದ್ದಿದ್ವು. ಮರದ ತುಂಡು ಇಟ್ಟು ಬಟ್ಟೆ ಮುಚ್ಚಿ ಸಾಲಿಗೆ ಸೇರಿಸ್ತಿದ್ದೆ. ಇವಳು ದಿನಾ ಬಂದು ಕಣ್ಣಲ್ಲೇ ಎಣಿಸ್ತಿದ್ಲು. ಎಣಿಸಿ ಉಸಿರು ಬಿಡೋಳು. ಅದನ್ನ ನೋಡಿ ನಾಲ್ಕು ಅಂತ ಹೇಗೆ ಹೇಳ್ಲಿ? ಸೋಂಪಿನ ವಾಸನೆ ಮೊದಲ ದಿನವೇ ಬಂದಿತ್ತು ನನಗೆ. ಸುಮ್ನಿದ್ದೆ."

"ಮಗು ಮಾಡ್ತು, ಸರಿ. ನಿನಗೇನಾಗಿತ್ತು ಬೂಜ್ಮಾ?" ಎಂದಳು ಅಜ್ಜಿ.

"ಒಲೆ ಆರಿಸಿದ್ರೆ ನಾನು ಯಾರು ಲಲ್ಲಾ?" ಎಂದ ಅಜ್ಜ. "ಮಗನ ಫ್ಲ್ಯಾಟಲ್ಲಿ ಟೀವಿ ಮುಂದೆ ಕೂತಿರೋ ಒಬ್ಬ ಮುದುಕ. ಅಷ್ಟೇ."

ಓಣಿಯ ತುದಿಯಿಂದ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ನಲವತ್ತು ವರ್ಷದಲ್ಲಿ ಬೂಜ್ಮಾ ಅಜ್ಜನ ಒಲೆಯಲ್ಲಿ ರೊಟ್ಟಿ ಸೀದದ್ದು ಅದೇ ಮೊದಲು. ಅವನು ಏಳಲಿಲ್ಲ.

ಸುದ್ದಿ ತಿಳಿದು ಅಮ್ಮ ಫ್ಯಾಕ್ಟರಿಯ ಏಪ್ರನ್‌ನಲ್ಲೇ ಓಡಿ ಬಂದಳು. ಹಸ್ನಾಳನ್ನು ಎಳೆದು ಅಪ್ಪಿಕೊಂಡಳು. ಅಜ್ಜಿಯ ಕೈಗಳನ್ನು ನೋಡಿ ಬಾಯಿ ಮುಚ್ಚಿಕೊಂಡಳು. ಹಸ್ನಾ ಅವಳ ಎದೆಗೆ ಮುಖ ಒತ್ತಿಕೊಂಡೇ ಎಲ್ಲವನ್ನೂ ಹೇಳಿದಳು. ನೀಲಿ ಬಟ್ಟೆ, ಹಳದಿ ಬಟ್ಟೆ, 'ಹೂಂ' ಎಂದದ್ದು, ಎಲ್ಲ. ಬೈಗುಳಕ್ಕೆ ಕಾದಳು. ಅಮ್ಮ ಬೈಯಲಿಲ್ಲ, ಅಪ್ಪಿದ ಕೈಯನ್ನೂ ಸಡಿಲಿಸಲಿಲ್ಲ.

"ಸಾದಿಯಾ, ಆ ಕಾಗದ ಎಲ್ಲಿದೆ?" ಎಂದಳು ಅಜ್ಜಿ.

"ಮುಕದ್ದಮನ ಆಫೀಸಲ್ಲಿ. ನಾನು ಹೋಗಿ ತರ್ತೀನಿ ಅತ್ತೆ, ನೀವು ಕೂತಿರಿ."

"ಬೇಡ. ನಾನೇ ಬರ್ತೀನಿ."

ಅಮ್ಮ ಬಟ್ಟೆ ಬರೆ, ಪತ್ರ ತರಲು ಮನೆಯೊಳಗೆ ಹೋದಳು. ಒಬ್ಬ ಪೊಲೀಸ್ ಜೊತೆಗೆ ಹೋದ. ಅಜ್ಜಿ ಕಾಯಲಿಲ್ಲ. ಹಸ್ನಾಳ ಭುಜದ ಮೇಲೆ ಕೈಯೂರಿ ಎದ್ದಳು. ಯಾರದೋ ಚಪ್ಪಲಿ ಮೆಟ್ಟಿದಳು.

"ನಡಿ."

ತಪ್ಪಾಯ್ತು ಎಂಬ ಮಾತು ಎಷ್ಟು ಸಣ್ಣದು. ಹಸ್ನಾ ಅಜ್ಜಿಯ ನಡಿಗೆಗೆ ತಕ್ಕಂತೆ ಹೆಜ್ಜೆ ಹಾಕಿದಳು. ಮಳೆ ನಿಂತಿತ್ತು.

ಐದಾರು ಹೆಜ್ಜೆಗೆ ಅಜ್ಜಿ ನಿಂತಳು. ಎಡಗಡೆ ಕೈ ಚಾಚಿದಳು. ಬಾಗಿಲಿರಬೇಕಾದಲ್ಲಿ ಒರಟು ಸಿಮೆಂಟ್ ಇಟ್ಟಿಗೆ ಸಿಕ್ಕಿತು. ಅಂಗೈಯಿಂದ ಅದನ್ನು ಸವರಿದಳು.

"ಇದು ಯಾರ ಮನೆ?"

ಹಸ್ನಾಳಿಗೆ ಒಂದು ಕ್ಷಣ ಹಳೆಯ ಆಸೆ ಬಂತು. ಊಟಕ್ಕೆ ಕೂತಿದ್ದಾರೆ ಅಜ್ಜಿ, ಅದಕ್ಕೇ ಬಾಗಿಲು ಹಾಕಿದ್ದಾರೆ ಎಂದುಬಿಡಲೇ? ಅಜ್ಜಿಯ ಬೆರಳುಗಳಲ್ಲಿ ರಕ್ತ ಇನ್ನೂ ಒಣಗಿರಲಿಲ್ಲ.

"ರುಕಿಯಾ ಅವರದು. ಖಾಲಿ."

ಅಜ್ಜಿ ತಲೆಯಾಡಿಸಿದಳು. ಮುಂದೆ ನಡೆದಳು. ಮತ್ತೆ ನಿಂತಳು.

"ಇದು?"

"ಕಟುಕನ ಮನೆ. ಖಾಲಿ."

"ಇದು?"

"ದರ್ಜಿ ಅಬ್ಸಲಾಮನದು. ಖಾಲಿ ಅಜ್ಜಿ."

ಒಂದೊಂದು 'ಖಾಲಿ'ಗೂ ಭುಜದ ಮೇಲಿನ ಕೈ ಸ್ವಲ್ಪ ಭಾರವಾಗುತ್ತಿತ್ತು. ಪೊರೆ ಬಂದ ಕಣ್ಣಿಗೂ ಇಷ್ಟು ಹತ್ತಿರದಿಂದ ಇಟ್ಟಿಗೆ ಕಾಣಿಸದೇ ಇರುತ್ತದೆಯೇ ಎಂದು ಹಸ್ನಾಳಿಗೆ ಅನಿಸಿತು. ಓರೆಗಣ್ಣಿನಿಂದ ಮೇಲೆ ನೋಡಿದಳು. ಅಜ್ಜಿ ಗೋಡೆಯನ್ನೇ ನೋಡುತ್ತಿದ್ದಳು. ಸರಿಯಾಗಿ ಕಾಣುತ್ತಿತ್ತು ಅವಳಿಗೆ. ಆದರೂ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು.

ಮುಂದಿನ ಬಾಗಿಲು ಬಂತು. ಹಸ್ನಾ ನಿಂತಳು. ಅಜ್ಜಿ ಕೇಳುವುದಕ್ಕೆ ಮೊದಲೇ ತಾನಾಗಿ, ಓಣಿಯಲ್ಲಿದ್ದವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಆ ಮನೆಯವರ ಹೆಸರು ಹೇಳಿದಳು. ಗಂಡನ ಹೆಸರು, ಹೆಂಡತಿಯ ಹೆಸರು, ಮೂರು ಮಕ್ಕಳ ಹೆಸರು. ಆಮೇಲೆ "ಖಾಲಿ" ಎಂದಳು.

ಇನ್ನು ಹದಿನಾಲ್ಕು ಬಾಗಿಲುಗಳಿದ್ದವು.